ದಸರಾ ಸೂಟಿಗೆ ಅರಬೈಲ್ ಇಳದು ದೇವಿಮನೆ ಹತ್ತೂದು: ಹಳೇ ಗಾಡಿ ದಾರ್ಯಾಗ ನಿಂತ್ರ ಏನ್ ಮಾಡೂದು, ಯಾರಿಗೆ ಏನ್ ಕೇಳೂದು?

ಉಣಕಲ್_ಸಂಜೆ
ಎಲ್ಲಾರ್ಗೂ ಶರಣ್ರೀ. ಬನ್ನಿ ಹಬ್ಬ ಮುಗಿಸಿ ಮರುದಿನ ನಸುಕಿನ್ಯಾಗ ಹೊರಡೂ ವಿಚಾರ ಐತಿ. ಹುಬ್ಬಳ್ಳಿ, ಕಲಘಟಗಿ, ಯಲ್ಲಾಪುರ. ಮಾಗೋಡು, ಜೇನುಕಲ್ಲು ಗುಡ್ಡ ನೋಡಿ ರಾತ್ರಿ ಅಲ್ಲೇ ಹೋಂಸ್ಟೇ. ಮರುದಿನ ಅರಬೈಲ್ ಘಾಟ್ ಇಳದು ಅಂಕೋಲಾ, ಗೋಕರ್ಣ. ವಾಪಸ್ ಬರೂವಾಗ ಕುಮಟಾದಿಂದ ದೇವಿಮನೆ ಹತ್ತಿ ಶಿರಸಿ, ಮುಂಡಗೋಡ, ಹುಬ್ಬಳ್ಳಿ. ಗಾಡಿ 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮ್ಯಾನ್ಯುಯಲ್ ಗೇರು, 92,000 ಕಿ.ಮೀ. ಓಡೈತಿ. ಐದು ಮಂದಿ, ಅದ್ರಾಗ ಒಬ್ಬರು ಎಪ್ಪತ್ತು ದಾಟಿದವರು, ಒಂದು ಸಣ್ಣ ಕೂಸು, ಡಿಕ್ಕಿ ತುಂಬ ಸಾಮಾನು.

ಬಯಲುಸೀಮಿ ರಸ್ತೆಗೆ ಗಾಡಿ ಚಲೋನ ಐತಿ. ಘಾಟ್‌ಗೆ ಅಂತ ಬ್ಯಾರೇ ಏನ್ ನೋಡಿಸ್ಬೇಕು? ನೆಟ್‌ವರ್ಕ್ ಇಲ್ಲದ ಕಡೆ ನಿಂತ್ರ ಯಾರಿಗೆ ಹೆಂಗ ಕೇಳ್ಬೇಕು? "ಯಾರರೆ ನಿಲ್ಲಿಸ್ತಾರ ಬಿಡ್ರಿ" ಅನ್ನೂ ಉತ್ತರ ಬ್ಯಾಡ. ನಿಲ್ಲಿಸಿದ ಮ್ಯಾಲೆ ಏನು ಅನ್ನೂದು ಬೇಕು.

ಗೋಕುಲರೋಡ್_ಪಾನಾ
ಹುಬ್ಬಳ್ಳಿಯಿಂದ ಯಲ್ಲಾಪುರದ ತನಕ ಸುಮಾರು 70 ಕಿ.ಮೀ. ಗಾಡಿಗೆ ಏನೂ ಪರೀಕ್ಷಾ ಇಲ್ರಿ. ಪರೀಕ್ಷಾ ಇರೂದು ಎರಡ ಕಡೆ. ಅರಬೈಲ್ ಇಳಿಯೂವಾಗ ಬ್ರೇಕಿಗೆ, ದೇವಿಮನೆ ಹತ್ತೂವಾಗ ರೇಡಿಯೇಟರಿಗೆ. ಉಳಿದಿದ್ದೆಲ್ಲ ಇವೆರಡರ ಹಿಂದ.

ಘಾಟ್‌ನ್ಯಾಗ ಲಾರಿ ಹಿಂದ ಬಿದ್ರಿ ಅಂದ್ರ ಸ್ಪೀಡು 15–20ಕ್ಕ ಇಳೀತೈತಿ, ಇಂಜಿನ್ ಮಾತ್ರ ಎರಡನೇ ಗೇರ್‌ನ್ಯಾಗ ಪೂರಾ ದುಡೀತಿರ್ತೈತಿ. ಮುಂದಿಂದ ಗಾಳಿ ಬರೂದಿಲ್ಲ. ರೇಡಿಯೇಟರ್ ತಂಪ್ ಮಾಡೂ ಕೆಲಸ ಪೂರಾ ಫ್ಯಾನಿನ ಮ್ಯಾಲೆ. ಊರಾಗ ಓಡಿಸೂವಾಗ ಫ್ಯಾನ್ ಕೆಟ್ಟಿದ್ದು ಗೊತ್ತ ಆಗೂದಿಲ್ಲ, ಘಾಟ್‌ನ್ಯಾಗ ಹತ್ತು ನಿಮಿಷಕ್ಕ ಗೊತ್ತಾಗ್ತೈತಿ.

ಮನಿ ಮುಂದ ಪರೀಕ್ಷಾ ಹಿಂಗ ಮಾಡ್ರಿ. ಗಾಡಿ ಚಾಲೂ ಇಟ್ಟು ಎಸಿ ಹಚ್ಚ್ರಿ, ಒಂದೆರಡು ನಿಮಿಷದಾಗ ಬಾನೆಟ್ ಒಳಗ ಫ್ಯಾನ್ ತಿರಗಬೇಕು. ಆಮ್ಯಾಲೆ ಎಸಿ ಬಂದ್ ಮಾಡಿ 15–20 ನಿಮಿಷ ಹಂಗ ಐಡ್ಲಿಂಗ್ ಬಿಡ್ರಿ. ಹೀಟ್ ಮೀಟರಿನ ಮುಳ್ಳು ನಡುವಿನಿಂದ ಸ್ವಲ್ಪ ಮ್ಯಾಲೆ ಹೋಗೂದ್ರಾಗ ಫ್ಯಾನ್ ತಾನ ಚಾಲೂ ಆಗಿ, ತಾನ ನಿಲ್ಲಬೇಕು. ಎಸಿ ಜೋಡಿ ತಿರಗಿ, ಎಸಿ ಇಲ್ದಾಗ ತಿರಗಲಿಲ್ಲಂದ್ರ ಸೆನ್ಸರ್ ಕಡೆ ದೋಷ. ಎರಡೂ ಸಲ ತಿರಗಲಿಲ್ಲಂದ್ರ ಫ್ಯೂಸ್, ರಿಲೇ (ಫ್ಯಾನಿಗೆ ಕರೆಂಟ್ ಬಿಡೂ ಸಣ್ಣ ಸ್ವಿಚ್ ಡಬ್ಬಿ) ಇಲ್ಲಾ ಮೋಟರ್.

ಕೂಲಂಟ್ (ಇಂಜಿನ್ ತಂಪ್ ಮಾಡೂ ದ್ರವ) ಬಾಟ್ಲಿ ಮ್ಯಾಲೆ ಎರಡು ಗೆರಿ ಇರ್ತಾವ, ತಣ್ಣಗಿದ್ದಾಗ ಅವೆರಡರ ನಡುವ ಇರಬೇಕು. ಎರಡು ತಿಂಗಳಿಗೊಮ್ಮೆ ಹಾಕ್ತಿರ್ಬೇಕು ಅಂದ್ರ ಎಲ್ಲೋ ಸೋರ್ತೈತಿ, ಹೊರಡೂ ಮೊದಲ ಹುಡುಕಿಸ್ರಿ. ರೇಡಿಯೇಟರ್ ಮುಚ್ಚಳದ ರಬ್ಬರ್ ಒಡದಿದ್ರ ಮುಚ್ಚಳಾನೇ ಬದಲಿ ಮಾಡ್ರಿ. ಅದು ಬರೇ ಮುಚ್ಚಳ ಅಲ್ಲ, ಒಳಗ ಸುಮಾರು 1 ಬಾರ್ ಒತ್ತಡ ಹಿಡಿಯೂ ಸಾಮಾನು. ಆ ಒತ್ತಡ ಇದ್ದಾಗ ನೀರು 120 ಡಿಗ್ರಿ ಸನಿ ಹೋಗೂ ತನಕ ಕುದಿಯೂದಿಲ್ಲ. ರಬ್ಬರ್ ಹೋತು ಅಂದ್ರ 100ಕ್ಕ ಕುದ್ದು ಬಾಟ್ಲಿಯಿಂದ ಹೊರಗ ಉಕ್ಕತೈತಿ.

ಇನ್ನೊಂದು. ಖಂಡೆ ಪೂಜಿಗೆ ಮುಂದಿನ ಗ್ರಿಲ್ಲಿಗೆ ಚೆಂಡು ಹೂವಿನ ಮಾಲಿ, ಬಾಳಿ ಕಂದು ಕಟ್ಟಿರ್ತೀರಲ್ಲ, ಅದನ್ನ ಹಂಗ ಇಟ್ಕೊಂಡು ಘಾಟ್ ಹತ್ತಬ್ಯಾಡ್ರಿ. ರೇಡಿಯೇಟರಿಗೆ ಗಾಳಿ ಹೋಗೂ ಜಾಗ ಅದ. ಬಾನೆಟ್ ಮ್ಯಾಲೆ ಒಂದು ಹೂವು ಸಾಕು, ದೇವ್ರು ಸಿಟ್ಟಾಗೂದಿಲ್ಲ.

ಬ್ಯಾಡಗಿ_ಖಾರ
ಇಳಿಯೂವಾಗ ನ್ಯೂಟ್ರಲ್ ಮಾಡಿಬಿಡ್ರಿ, ಅಂಕೋಲಾ ತನಕ ಪೆಟ್ರೋಲ್ ಖರ್ಚೇ ಇಲ್ಲ 😀

ಘಾಟ್_ಸ್ಟೇರಿಂಗ್
ಚ್ಯಾಷ್ಟಿ ಅಂತ ಬರ್ದೀರಿ ಅನ್ಕೋತೀನಿ. ಖರೇ ಮಾಡೂ ಮಂದೀನೂ ಅದಾರ, ಅದಕ್ಕ ಬರೀತೀನಿ. ಈಗಿನ ಇಂಜೆಕ್ಷನ್ ಗಾಡ್ಯಾಗ ಗೇರ್‌ನ್ಯಾಗ ಇಟ್ಟು ಎಕ್ಸಿಲೇಟರ್ ಬಿಟ್ರ ಪೆಟ್ರೋಲ್ ಪೂರಾ ಬಂದ್ ಆಗ್ತೈತಿ, ಗಾಲಿನ ಇಂಜಿನ್ ತಿರಗಿಸ್ತಾವ. ನ್ಯೂಟ್ರಲ್ ಮಾಡಿದ್ರ ಇಂಜಿನ್ ಬದುಕಿರಾಕ ಪೆಟ್ರೋಲ್ ಕುಡೀಲೇಬೇಕು. ಅಂದ್ರ ಉಳಿತಾಯಾನೂ ಇಲ್ಲ, ಹಿಡಿತಾನೂ ಇಲ್ಲ.

ಹಳೇ ಲೆಕ್ಕ: ಯಾವ ಗೇರ್‌ನ್ಯಾಗ ಹತ್ತತೀರಿ, ಅದ ಗೇರ್‌ನ್ಯಾಗ ಇಳೀರಿ. ಅರಬೈಲ್‌ಗೆ ಐದು ಮಂದಿ, ಸಾಮಾನು ಇದ್ದಾಗ ಎರಡನೇದು, ಸಪಾಟ ಸಿಕ್ಕಲ್ಲಿ ಮೂರನೇದು. ಬ್ರೇಕ್ ಮ್ಯಾಲೆ ಪಾದ ಇಟ್ಕೊಂಡ ಕೂಡಬ್ಯಾಡ್ರಿ. ತಿರುವಿನ ಮೊದಲ ಒಮ್ಮೆ ಗಟ್ಟಿ ಒತ್ತಿ ಸ್ಪೀಡ್ ಇಳಿಸಿ ಪೂರಾ ಬಿಡ್ರಿ. ಆ ಬಿಟ್ಟ ಹೊತ್ತಿನ್ಯಾಗ ಡಿಸ್ಕ್ ಆರ್ತಾವ. ಹಗೂರಕ ಒತ್ಗೊಂಡ ಇದ್ರ ಐದಾರು ಕಿ.ಮೀ.ಗೆ ಸುಟ್ಟ ವಾಸನಿ, ಆಮ್ಯಾಲೆ ಪೆಡಲ್ ಸ್ಪಂಜಿನಂಗ ಮೆತ್ತಗ.

ಹತ್ತೂ ಗಾಡಿಗೆ ಜಾಗ ಬಿಡ್ರಿ, ಇಕ್ಕಟ್ಟಿನ ದಾರ್ಯಾಗ ಮೊದಲ ಹಕ್ಕು ಅವರದು. ಲೋಡ್ ಲಾರಿ ಏರಿನ್ಯಾಗ ಒಮ್ಮೆ ನಿಂತ್ರ ಮತ್ತ ಎಬ್ಬಿಸೂದು ಎಷ್ಟು ತ್ರಾಸು ಅಂತ ಹಿಂದ ನಿಂತವರಿಗೆ ಗೊತ್ತು.

ಗೋಕುಲರೋಡ್_ಪಾನಾ
ಪೆಡಲ್ ಮೆತ್ತಗ ಆಗೂದು ಯಾಕಂದ್ರ ಬ್ರೇಕ್ ಆಯಿಲ್ ಕುದ್ದು ಪೈಪಿನ್ಯಾಗ ಗುಳ್ಳಿ ಆಗ್ತಾವ. ಆಯಿಲ್ ತಾನ ಗಾಳ್ಯಾಗಿನ ತೇವ ಹೀರ್ಕೋತೈತಿ. ಡಾಟ್ 4 ಅನ್ನೂ ದರ್ಜೆ ಆಯಿಲ್ ಹೊಸಾದಿದ್ದಾಗ ಕನಿಷ್ಠ 230 ಡಿಗ್ರಿ ತಡೀತೈತಿ, ನೀರು ಹೀರಿದ ಮ್ಯಾಲೆ 155. ಡಾಟ್ 3 ಆದ್ರ 205, 140. ಅದಕ್ಕ ಎರಡು ವರ್ಷಕ್ಕೊಮ್ಮೆ ಬದಲಿ. ಮ್ಯಾಲೆ ಮ್ಯಾಲೆ ಟಾಪ್‌ಅಪ್ ಮಾಡಿದ್ರ ಬದಲಿ ಮಾಡಿದಂಗಲ್ಲ, ನಾಕೂ ಗಾಲಿಯಿಂದ ಹಳೇದು ಹೊರಗ ಬರಬೇಕು. ಬಾಟ್ಲಿ ಒಳಗಿಂದು ಚಹಾದ ಬಣ್ಣಕ್ಕ ತಿರಗಿದ್ರ ತಡಾ ಮಾಡಬ್ಯಾಡ್ರಿ.

ದಾರ್ಯಾಗ ಮೆತ್ತಗಾತು ಅಂದ್ರ ಪೆಡಲ್ ಪಂಪ್ ಮಾಡ್ರಿ, ಒಂದೊಂದ ಗೇರ್ ಇಳಿಸ್ರಿ, ಹ್ಯಾಂಡ್‌ಬ್ರೇಕ್ ಗುಂಡಿ ಒತ್ತಿ ಹಿಡ್ಕೊಂಡು ಹಗೂರಕ ಎಳೀರಿ. ಒಮ್ಮೆಲೆ ಎಳದ್ರ ಹಿಂದಿನ ಗಾಲಿ ಜಾಮ್ ಆಗಿ ಗಾಡಿ ತಿರಗತೈತಿ. ನಿಂತ ಮ್ಯಾಲೆ ಗೇರ್‌ನ್ಯಾಗ ಇಟ್ಟು ಗಾಲಿಗೆ ಕಲ್ಲ ಕೊಡ್ರಿ, ಕಾದ ಡ್ರಮ್ಮಿಗೆ ಹ್ಯಾಂಡ್‌ಬ್ರೇಕ್ ಬಿಗದು ಇಡಬ್ಯಾಡ್ರಿ. ಅರ್ಧ ತಾಸು ಬಿಡ್ರಿ. ಪುಣ್ಯಾತ್ಮರು ಯಾರರೆ ಬಂದು ಡಿಸ್ಕಿಗೆ ನೀರು ಗೊಜ್ಜಾಕ ಹೋದ್ರ ಕೈ ಮುಗದು ಬ್ಯಾಡನ್ರಿ, ಡಿಸ್ಕ್ ಸೊಟ್ಟ ಆಗ್ತೈತಿ.

ಪೆಡಲ್ ಮೆತ್ತಗಾಗದ ಕಲ್ಲಿನಂಗ ಬಿರುಸಾದ್ರ ಅದು ಬ್ಯಾರೇ ರೋಗ. ಇಂಜಿನ್ ಬಂದ್ ಆಗೈತಿ ಇಲ್ಲಾ ಬೂಸ್ಟರ್ (ಬ್ರೇಕ್ ಒತ್ತಾಕ ಬಲ ಕೊಡೂ ಸಾಮಾನು) ಪೈಪ್ ಬಿಟ್ಟೈತಿ. ಇಂಜಿನ್ ಬಂದ್ ಆದ ಮ್ಯಾಲೆ ಎರಡು ಮೂರು ಸಲ ಒತ್ತೂವಷ್ಟು ಅಷ್ಟ ಬಲ ಉಳಿದಿರ್ತೈತಿ.

ಹಾವೇರಿ_ಏಲಕ್ಕಿ
ನಡುವ ಒಂದು ಪ್ರಶ್ನೆ ಅಣ್ಣಾರ. ಎಎಂಟಿ (ಕ್ಲಚ್ ಪೆಡಲ್ ಇಲ್ದ, ತಾನ ಗೇರ್ ಬದಲಿಸೂ) ಗಾಡಿಗೂ ಇದ ಲೆಕ್ಕಾನ? ಹಾವೇರಿಯಿಂದ ಶಿರಸಿ ಮ್ಯಾಲೆ ಹೋಗೂ ಮಂದ್ಯಾಗ ಈಗ ಅರ್ಧಕ್ಕರ್ಧ ಅದ.

ಗೋಕುಲರೋಡ್_ಪಾನಾ
ಅಕ್ಕಾರ, ಇಳಿಯೂವಾಗ ಮ್ಯಾನ್ಯುಯಲ್ ಮೋಡಿಗೆ ಹಾಕಿ 2ರಾಗ ಇಡ್ರಿ. ಡಿ ಒಳಗ ಬಿಟ್ರ ಅದು ತನ್ನ ಬುದ್ಧಿಗೆ ಮ್ಯಾಲಿನ ಗೇರ್ ಹಾಕ್ತೈತಿ. ಹತ್ತೂವಾಗ ಟ್ರಾಫಿಕ್‌ನ್ಯಾಗ ನಿಂತ್ರ ಎಕ್ಸಿಲೇಟರ್ ಮ್ಯಾಲೆ ಗಾಡಿ ಹಿಡ್ಕೊಂಡು ನಿಲ್ಲಬ್ಯಾಡ್ರಿ. ಎಎಂಟಿ ಒಳಗ ಇರೂದು ಮಾಮೂಲಿ ಕ್ಲಚ್ಚ, ಒತ್ತೂದು ಮಷಿನ್ ಅಷ್ಟ. ಏರಿನ್ಯಾಗ ಹಂಗ ಹಿಡಿದು ನಿಂತ್ರ ಹಾಫ್ ಕ್ಲಚ್ ಒಳಗ ಸುಡ್ತಿರ್ತೈತಿ. ಬ್ರೇಕ್ ಒತ್ತಿ, ಹ್ಯಾಂಡ್‌ಬ್ರೇಕ್ ಎಳದು ನಿಲ್ರಿ. ಮುಂದಿನ ಗಾಡಿಗೂ ನಿಮಗೂ ನಡುವ ಎರಡು ಗಾಡಿ ಜಾಗ ಬಿಡ್ರಿ, ಒಂದೊಂದ ಅಡಿ ಸರಿಯೂದ್ಕಿಂತ ಒಮ್ಮೆ ಹತ್ತಡಿ ಸರೀರಿ.

ಎಎಂಟಿ, ಆಟೋಮ್ಯಾಟಿಕ್ ಯಾವುದನ್ನೂ ತಳ್ಳಿ ಚಾಲೂ ಮಾಡಾಕ ಆಗೂದಿಲ್ಲ ಅನ್ನೂದನ್ನೂ ತಲ್ಯಾಗ ಇಡ್ರಿ. ಮ್ಯಾನ್ಯುಯಲ್ ಇದ್ದವರೂ ಘಾಟ್ ಇಳಿಜಾರಿನ್ಯಾಗ ತಳ್ಳಿ ಚಾಲೂ ಮಾಡೂ ಸಾಹಸ ಬ್ಯಾಡ. ಚಾಲೂ ಆಗಲಿಲ್ಲಂದ್ರ ಸ್ಟೇರಿಂಗ್ ಬಿರುಸು, ಬ್ರೇಕ್ ಬಿರುಸು, ಮುಂದ ಕಮರಿ.

ಗದಗಿನ_ಗಾಳಿ
ಗಾಡಿ ಹೀಟ್ ಆದಾಗ ಮಾಡೂ ತಪ್ಪು ಯಾವ್ಯಾವು ಅಂತ ಒಂದು ಕಡೆ ಬರದಿರ್ಲಿ.

ಮುಳ್ಳು ಕೆಂಪಿನ ಸನಿ ಬಂದ್ರ ಮೊದಲ ಎಸಿ ಬಂದ್. ಹೀಟರ್ ಪೂರಾ ಬಿಸಿ, ಬ್ಲೋಯರ್ ಪೂರಾ ಜೋರು, ಕಿಟಕಿ ಎಲ್ಲಾ ತೆಗೀರಿ. ಒಳಗಿನ ಮಂದಿ ಬೈತಾರ, ಬೈಲಿ. ಹೀಟರ್ ಅಂದ್ರ ಒಂದು ಸಣ್ಣ ರೇಡಿಯೇಟರ್, ಇಂಜಿನ್ ಕಾವು ಅದರ ಮುಖಾಂತರ ಹೊರಗ ಬರ್ತೈತಿ. ಆದರೂ ಏರ್ತಾನ ಇದ್ರ ಅಗಲ ಜಾಗ ನೋಡಿ ನಿಲ್ಲಿಸ್ರಿ. ಉಗಿ ಬರ್ತಿಲ್ಲಂದ್ರ ಎರಡು ನಿಮಿಷ ಚಾಲೂ ಇಟ್ಟು ಫ್ಯಾನ್ ತಿರಗತೈತೇನು ಕೇಳ್ರಿ. ಉಗಿ ಬರ್ತಿದ್ರ ಇಲ್ಲಾ ಮುಳ್ಳು ಕೆಂಪಿನ್ಯಾಗ ಇದ್ರ ಕೂಡ್ಲೆ ಬಂದ್.

ಮುಚ್ಚಳ ಮುಟ್ಟಬ್ಯಾಡ್ರಿ. ಅರಬಿ ಸುತ್ತಿ ತೆಗೀತೀನಿ ಅನ್ನವರ ಕೈ ಮಾರಿ ಎರಡೂ ಸುಟ್ಕೊಂಡಿದ್ದು ಇದಕ್ಕ. 30–45 ನಿಮಿಷ ಕಾಯ್ರಿ. ಮ್ಯಾಲಿನ ದಪ್ಪ ರಬ್ಬರ್ ಪೈಪ್ ಹಿಚುಕಿ ನೋಡ್ರಿ. ಕೈ ಇಡಾಕ ಆಗೂವಷ್ಟು ಆರಿ, ಮೆತ್ತಗ ಆಗಿದ್ರ ಒತ್ತಡ ಇಳದೈತಿ ಅಂತ ಅರ್ಥ. ಆಮ್ಯಾಲೆ ದಪ್ಪ ಅರಬಿ ಇಟ್ಟು ಮುಚ್ಚಳ ಮೊದಲನೇ ಹಂತಕ್ಕ ತಡಿಯೂ ತನಕ ಅಷ್ಟ ತಿರಗಿಸಿ, ಸುಸ್ ಅನ್ನೂದು ನಿಂತ ಮ್ಯಾಲೆ ಪೂರಾ ತೆಗೀರಿ. ನೀರು ಸ್ವಲ್ಪ ಸ್ವಲ್ಪ ಹಾಕ್ರಿ, ಕಡೇಕ ಇಂಜಿನ್ ಚಾಲೂ ಇಟ್ಟು ಹಾಕ್ರಿ. ಕಾದ ಇಂಜಿನ್ನಿಗೆ ಕೊಡಾ ತಣ್ಣೀರು ಒಮ್ಮೆಲೆ ಸುರುವಿದ್ರ ಹೆಡ್ ಬಿರೀತೈತಿ.

ಸಣ್ಣ ಗಾಡಿಗೆ ಒಟ್ಟು 4–5 ಲೀಟರ್ ಹಿಡೀತೈತಿ, ಅದಕ್ಕ 5 ಲೀಟರ್ ಕ್ಯಾನ್ ಡಿಕ್ಕ್ಯಾಗ ಇರಲಿ. ಮನಿಯಿಂದ ತುಂಬ್ಕೊಂಡು ಹೋಗೂವಾಗ ಕುಡಿಯೂ ನೀರ ತುಂಬ್ರಿ. ನಮ್ಮ ಗದಗ ಕಡೆ ಬೋರಿನ ನೀರು ಎಷ್ಟು ಗಡಸು ಅಂದ್ರ ಅಡಗಿ ಪಾತ್ರಿಗೇ ಸುಣ್ಣ ಹಿಡೀತೈತಿ, ರೇಡಿಯೇಟರಿನ ಸಣ್ಣ ನಳಿಗೆ ಹಿಡಿಯೂದಿಲ್ಲೇನು? ನೀರು ಹಾಕಿ ಮನಿ ಮುಟ್ಟಿದ ಮ್ಯಾಲೆ ಪೂರಾ ತೆಗೆಸಿ ಮತ್ತ ಕೂಲಂಟ್ ಹಾಕಿಸ್ರಿ. ಡಬ್ಬಿ ಮ್ಯಾಲೆ ಪ್ರೀಮಿಕ್ಸ್ ಅಂತ ಇದ್ರ ಅದಕ್ಕ ಮತ್ತ ನೀರು ಬೆರಸೂದಿಲ್ಲ. ಕಾನ್ಸಂಟ್ರೇಟ್ ಇದ್ರ ಅರ್ಧಕ್ಕರ್ಧ.

ಗೋಕುಲರೋಡ್_ಪಾನಾ
ಚಂದ ಬರದೀರಿ. ಇದಕ್ಕ ಪೈಪ್ ಒಡದಾಗಿನ ಲೆಕ್ಕ ಸೇರಸ್ತೀನಿ. ರಬ್ಬರ್ ಹೋಸ್ ಭಾಳ ಸಲ ಕ್ಲಿಪ್ಪಿನ ಬಾಜೂನ ಒಡೀತೈತಿ. ಆಗ ಒಡದಿದ್ದಷ್ಟು, ಎರಡು ಸೆಂಟಿಮೀಟರ್, ಬ್ಲೇಡಿನಿಂದ ಕತ್ತರಿಸಿ ಉಳಿದಿದ್ದನ್ನ ಮುಂದ ಜಗ್ಗಿ ಮತ್ತ ಕ್ಲಿಪ್ ಬಿಗೀರಿ. ನಡುವ ಸೀಳಿದ್ರ ವೈರ್ ಟೇಪ್ ನಿಲ್ಲೂದಿಲ್ಲ, ಕಾದ ಕೂಡ್ಲೆ ಅಂಟು ಬಿಡ್ತೈತಿ. ತನಗ ತಾನ ಅಂಟೂ ರಬ್ಬರ್ ಟೇಪ್ ಅಂತ ಸಿಗ್ತೈತಿ, ಒರೆಸಿ ಒಣಗಿಸಿ ಎಳದೆಳದು ಐದಾರು ಸುತ್ತು ಸುತ್ತರಿ. ಮುಚ್ಚಳ ಮೊದಲನೇ ಹಂತದ ತನಕ ಅಷ್ಟ ಬಿಗೀರಿ, ಒಳಗ ಒತ್ತಡ ಕಟ್ಟೂದಿಲ್ಲ. ಹಗೂರಕ, ನಡು ನಡುವ ನಿಂತು ನೀರು ಹಾಕ್ತಾ ಮುಂದಿನ ಊರು ಮುಟ್ಟಬಹುದು. ಗ್ಲೌಬಾಕ್ಸ್‌ನ್ಯಾಗ ಎರಡು ಹೋಸ್ ಕ್ಲಿಪ್, ಒಂದು ಸ್ಕ್ರೂಡ್ರೈವರ್, 10 ನಂಬರ್ ಪಾನಾ ಇಟ್ಕೋರಿ, ಜಾಗ ಏನ್ ಹಿಡೀತಾವ.

ಯಲ್ಲಾಪುರ_ತೋಟಿಗ
ಘಟ್ಟದ ಕಡೆಯಿಂದ ಕೆಲವು ಮಾತು. ನೀವು ಬರುವ ಹೊತ್ತಿಗೆ ಹಸ್ತ ಮಳೆ ಮುಗಿದು ಚಿತ್ತಾ ಮಳೆ ಹತ್ತಿರ ಇರುತ್ತದೆ. ಬೆಳಿಗ್ಗೆ ಮಂಜು, ಮಧ್ಯಾಹ್ನ ಬಿಸಿಲು, ನಾಲ್ಕರ ಮೇಲೆ ಗುಡುಗು ಮಳೆ. ಆದ್ದರಿಂದ ಅರಬೈಲ್ ಇಳಿಯುವುದನ್ನು ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನದೊಳಗೆ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ನೀರು ಕುಡಿದ ಧರೆ (ರಸ್ತೆ ಬದಿಯ ಕಡಿದ ಮಣ್ಣಿನ ದಂಡೆ) ಬಿಸಿಲು ಬಂದ ಕೂಡಲೇ ಗಟ್ಟಿಯಾಗುವುದಿಲ್ಲ. 2021ರ ಜುಲೈ ಮಳೆಗೆ ಅರಬೈಲಿನಲ್ಲಿ ಗುಡ್ಡ ಕುಸಿದು ರಸ್ತೆ ಬಂದಾಗಿತ್ತು. 2024ರ ಜುಲೈಯಲ್ಲಿ ಅಂಕೋಲೆಯ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಎಲ್ಲರಿಗೂ ಗೊತ್ತು. ಅಲ್ಲಿ ರಸ್ತೆ ಬದಿ ನಿಲ್ಲಿಸಿದ್ದವರೂ ಸಿಕ್ಕಿಕೊಂಡರು. ಗಾಡಿ ಕೆಟ್ಟರೆ ಹೊಸದಾಗಿ ಕಡಿದ ಧರೆಯ ಬುಡದಲ್ಲಿ, ಮೇಲಿಂದ ಕೆಂಪು ನೀರು ಇಳಿಯುವ ಕಡೆ ನಿಲ್ಲಿಸಬೇಡಿ. ಬ್ರೇಕ್ ಸರಿ ಇದ್ದರೆ ಇನ್ನೂ ನೂರು ಮೀಟರ್ ಇಳಿದು ಅಗಲ ಜಾಗಕ್ಕೆ ಬನ್ನಿ.

ದೇವಿಮನೆ ಘಟ್ಟದಲ್ಲಿ ರಸ್ತೆ ಅಗಲ ಮಾಡುವ ಕೆಲಸಕ್ಕೆ ಸಂಚಾರ ಬದಲಿಸುತ್ತಿರುತ್ತಾರೆ. ಹಿಂದಿನ ದಿನ ಕುಮಟಾ ಅಥವಾ ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಯಾವ ದಾರಿಯಲ್ಲಿ ಹೋಗುತ್ತಿದೆ ಎಂದು ಕೇಳಿ. ಮ್ಯಾಪಿಗಿಂತ ಅದು ನಂಬಿಕಸ್ತ.

ಹೋಂಸ್ಟೇಯಲ್ಲಿ ರಾತ್ರಿ ನಿಲ್ಲಿಸಿದ ಗಾಡಿಯ ಬಾನೆಟ್ಟನ್ನು ಬೆಳಿಗ್ಗೆ ಹೊರಡುವ ಮೊದಲು ಎತ್ತಿ ನೋಡಿ. ತೋಟದ ಇಲಿ ಬೆಚ್ಚಗಿನ ಇಂಜಿನ್ ಹುಡುಕಿ ಬರುತ್ತದೆ, ವೈರು ಕಡಿಯುತ್ತದೆ. ಚಾಲೂ ಮಾಡಿದಾಗ ಹೊಸ ದೀಪ ಏನಾದರೂ ಉರಿದರೆ ಘಟ್ಟ ಇಳಿಯುವ ಮೊದಲೇ, ಯಲ್ಲಾಪುರದಲ್ಲೇ ತೋರಿಸಿ.

ಉಣಕಲ್_ಸಂಜೆ
ಸರ್, ಇಲಿ ವಿಚಾರ ತಲ್ಯಾಗ ಇರಲೇ ಇಲ್ಲ. ಫೋನ್ ಹತ್ತದ ಕಡೆ ನಿಂತ್ರ?

ಘಾಟ್_ಸ್ಟೇರಿಂಗ್
ಮೊದಲ ಕಿಲೋಮೀಟರ್ ಕಲ್ಲು ನೋಡ್ರಿ. ಹಳದಿ ತಲಿ ಇದ್ರ ರಾಷ್ಟ್ರೀಯ ಹೆದ್ದಾರಿ, ಹಸಿರು ತಲಿ ಇದ್ರ ರಾಜ್ಯ ಹೆದ್ದಾರಿ. ಹುಬ್ಬಳ್ಳಿ–ಅಂಕೋಲಾ ರಸ್ತಾ ಈಗಿನ ಲೆಕ್ಕಕ್ಕ 52, ಹಳೇ ಮಂದಿ ಬಾಯಾಗ ಇನ್ನೂ 63. ಫೋನ್ ಹತ್ತಿದ್ರ ಹೆದ್ದಾರಿ ಸಹಾಯಕ್ಕ 1033, ಪೊಲೀಸ್–ಎಲ್ಲಾದಕ್ಕೂ 112, ಆಂಬುಲೆನ್ಸ್ 108. "ಅರಬೈಲ್‌ನ್ಯಾಗ ಒಂದು ತಿರುವು ಅದ, ಅಲ್ಲಿ" ಅಂದ್ರ ಯಾರಿಗೂ ತಿಳಿಯೂದಿಲ್ಲ, ಅಲ್ಲಿ ಎಲ್ಲಾ ತಿರುವ. ಕಲ್ಲಿನ ನಂಬರ್ ಹೇಳ್ರಿ, ಹತ್ತೂ ಬಾಜೂನೋ ಇಳಿಯೂ ಬಾಜೂನೋ ಹೇಳ್ರಿ.

ಹತ್ತಲಿಲ್ಲಂದ್ರ ಬಸ್ಸಿಗೆ ಕೈ ಮಾಡ್ರಿ. ಈ ದಾರ್ಯಾಗ ವಾಯವ್ಯ ಸಾರಿಗೆ ಬಸ್ ಓಡಾಡ್ತಿರ್ತಾವ. ಬಸ್ಸಿನ ಡ್ರೈವರ್ ಇಳದು ನಿಮ್ಮ ಗಾಡಿ ರಿಪೇರಿ ಮಾಡ್ಲಿ ಅಂತ ಕೇಳಬ್ಯಾಡ್ರಿ, ಐವತ್ತು ಮಂದಿ ಕೂತಿರ್ತಾರ. ಚೀಟಿ ಕೊಡ್ರಿ. ಅದ್ರಾಗ ಗಾಡಿ ನಂಬರ್, ಬಣ್ಣ, ಕಲ್ಲಿನ ನಂಬರ್, ಏನಾಗೇತಿ ಅಂತ ಒಂದು ಸಾಲು, ನಿಮ್ಮ ಊರಿನವರ ಫೋನ್, ವಿಮಾ ಕಂಪನಿ ರಸ್ತೆ ಸಹಾಯದ ಫೋನ್ ಮತ್ತ ಪಾಲಿಸಿ ನಂಬರ್. "ನೆಟ್‌ವರ್ಕ್ ಹತ್ತಿದ ಕೂಡ್ಲೆ ಈ ನಂಬರಿಗೆ ಒಂದ್ ಫೋನ್ ಹಚ್ಚ್ರಿ, ಇಲ್ಲಾ ಯಲ್ಲಾಪುರ ಸ್ಟ್ಯಾಂಡಿನ ಗ್ಯಾರೇಜಿಗೆ ಮುಟ್ಟಸ್ರಿ" ಅನ್ರಿ. ಕಂಡಕ್ಟರ್‌ಗೆ ಕೊಟ್ರ ಇನ್ನೂ ಚಲೋ, ಅವರ ಕೈ ಖಾಲಿ ಇರ್ತೈತಿ. ಎರಡು ಚೀಟಿ ಬರೀರಿ, ಒಂದು ಮ್ಯಾಲೆ ಹೋಗೂ ಬಸ್ಸಿಗೆ, ಒಂದು ಕೆಳಗ ಹೋಗೂ ಬಸ್ಸಿಗೆ. ಮನಿಯಾಗ್ಲೇ ಅರ್ಧ ಬರದು ಇಟ್ಕೊಂಡ್ರ ಮಳ್ಯಾಗ ನಿಂತು ಬರಿಯೂ ತ್ರಾಸಿಲ್ಲ.

ಹಾವೇರಿ_ಏಲಕ್ಕಿ
ರಸ್ತೆ ಸಹಾಯ ಪಾಲಿಸಿಯೊಳಗ ಐತೋ ಇಲ್ಲೋ ಇವತ್ತ ನೋಡ್ರಿ. ಅದು ಬ್ಯಾರೇ ಆಡ್‌ಆನ್, ಎಲ್ಲಾ ಪಾಲಿಸಿಗೂ ಇರೂದಿಲ್ಲ. ಗಾಡಿ ಒಯ್ಯೂದಾದ್ರ ಫ್ಲಾಟ್‌ಬೆಡ್ ಕೇಳ್ರಿ. ಹಗ್ಗ ಕಟ್ಟಿ ಘಾಟ್ ಇಳಿಸ್ತೀವಿ ಅನ್ನವರಿಗೆ ಒಪ್ಪಬ್ಯಾಡ್ರಿ. ಹಿಂದಿನ ಗಾಡಿಗೆ ಬ್ರೇಕ್ ಬೂಸ್ಟರ್ ಇರೂದಿಲ್ಲ, ಇಳಿಜಾರಿನ್ಯಾಗ ಹಗ್ಗ ಸಡಲಾಗಿ ಮುಂದಿನದಕ್ಕ ಬಡೀತೈತಿ. ಸಪಾಟ ರಸ್ತೆಗೆ ಅಷ್ಟ ಹಗ್ಗ, ಅದೂ ಕೀ ಆನ್ ಇಟ್ಟು. ಇಲ್ಲಾಂದ್ರ ಸ್ಟೇರಿಂಗ್ ಲಾಕ್ ಆಗ್ತೈತಿ. ಎಳಿಯೂ ಕೊಂಡಿ ಟೂಲ್‌ಕಿಟ್‌ನ್ಯಾಗ ಇರ್ತೈತಿ, ಬಂಪರಿನ ಸಣ್ಣ ಮುಚ್ಚಳ ತೆಗದು ತಿರಗಿಸ್ಬೇಕು. ಕೆಲವು ಗಾಡಿಗೆ ಉಲ್ಟಾ ಥ್ರೆಡ್, ಎಡಕ್ಕ ತಿರಗಿಸಿದ್ರ ಬಿಗಿ.

ಬ್ಯಾಡಗಿ_ಖಾರ
ಬ್ಯಾಟರಿ ಡೌನ್ ಆದ್ರ ಏನ್ ಹೆದರಿಕಿ? ಲಾರಿಯವರಿಗೆ ಕೈ ಮಾಡಿದ್ರ ಜಂಪ್ ಕೊಡ್ತಾರ. ದೊಡ್ಡ ಬ್ಯಾಟರಿ, ಒಂದ ಹೊಡ್ತಕ್ಕ ಚಾಲೂ. ಇದು ಚ್ಯಾಷ್ಟಿ ಅಲ್ಲ ಮತ್ತ.

ಗೋಕುಲರೋಡ್_ಪಾನಾ
ಚ್ಯಾಷ್ಟಿ ಆಗಿದ್ರ ಚಲೋ ಇತ್ತು. ದೊಡ್ಡ ಲಾರಿ, ಬಸ್ಸಿನ್ಯಾಗ 12 ವೋಲ್ಟಿನ ಎರಡು ಬ್ಯಾಟರಿ ಸಾಲಾಗಿ ಜೋಡಿಸಿರ್ತಾರ, ಒಟ್ಟು 24 ವೋಲ್ಟ್. ಕಾರು 12. ಎರಡೂ ತುದಿ ಹಿಡದು ಕಾರಿಗೆ ಕೊಟ್ರಿ ಅಂದ್ರ ಇಸಿಯು (ಇಂಜಿನ್ ನಡಸೂ ಕಂಪ್ಯೂಟರ್), ಬ್ಯಾಟರಿ ಚಾರ್ಜ್ ಮಾಡೂ ಆಲ್ಟರ್ನೇಟರಿನ ಡಯೋಡ್, ಬಲ್ಬು ಎಲ್ಲಾ ಒಂದ ಕ್ಷಣಕ್ಕ ಹೋಗ್ತಾವ. ಇಡೀ ಚರ್ಚಾದಾಗ ಇದೊಂದು ನೆನಪಿಟ್ರೂ ಸಾಕು, ಯಾಕಂದ್ರ ಲಾರಿಯವರು ಪ್ರೀತಿಯಿಂದ ತಾವ ಕೇಬಲ್ ತಗೊಂಡು ಬರ್ತಾರ. "ಅಣ್ಣಾರ, ನಿಮ್ದು 24 ವೋಲ್ಟ್ ಐತ್ರಿ, ನಂದು 12" ಅಂತ ಮೊದಲ ಹೇಳ್ರಿ, ಸಿಟ್ಟಾಗೂದಿಲ್ಲ. ಬ್ಯಾರೇ ಏನೂ ದಾರಿ ಇಲ್ಲಂದ್ರ ಲಾರಿ ಇಂಜಿನ್ ಬಂದ್ ಮಾಡಿಸಿ, ಮೈನಸ್ ಚಾಸಿಗೆ ಹೋಗಿರೂ ಒಂದ ಬ್ಯಾಟರಿಯಿಂದ ಅಷ್ಟ ತಗೋಬಹುದು. ಅದು ತಿಳದವರು ಇದ್ರ ಮಾತ್ರ.

12 ವೋಲ್ಟಿನವು ಯಾವು? ಕಾರು, ಜೀಪು, ಪಿಕಪ್, ಟಾಟಾ ಏಸ್, ಟ್ರ್ಯಾಕ್ಟರ್. ಟ್ರ್ಯಾಕ್ಟರ್ ಸಿಕ್ತು ಅಂದ್ರ ನಸೀಬ.

ಕೇಬಲ್ ಹಚ್ಚೂ ಕ್ರಮ: ಕೆಂಪು ನಿಮ್ಮ ಪ್ಲಸ್ಸಿಗೆ, ಕೆಂಪಿನ ಇನ್ನೊಂದು ತುದಿ ಅವರ ಪ್ಲಸ್ಸಿಗೆ. ಕಪ್ಪು ಅವರ ಮೈನಸ್ಸಿಗೆ, ಕಡೇ ತುದಿ ನಿಮ್ಮ ಇಂಜಿನ್ನಿನ ಬಣ್ಣ ಇಲ್ಲದ ಕಬ್ಬಿಣಕ್ಕ. ಆ ಕಡೇ ತುದಿಗೆ ಕಿಡಿ ಹಾರ್ತೈತಿ, ಬ್ಯಾಟರಿ ಮ್ಯಾಲೆ ಗ್ಯಾಸ್ ಇರ್ತೈತಿ, ಅದಕ್ಕ ದೂರ. ಅವರ ಗಾಡಿ ಐದು ನಿಮಿಷ ಚಾಲೂ ಇರಲಿ. ನಿಮ್ಮದು ಸೆಲ್ಫ್ ಐದು–ಹತ್ತು ಸೆಕೆಂಡ್ ಹೊಡೀರಿ, ಆಗಲಿಲ್ಲಂದ್ರ ಒಂದು ನಿಮಿಷ ಬಿಟ್ಟು ಮತ್ತ. ತೆಗಿಯೂವಾಗ ಉಲ್ಟಾ ಕ್ರಮ.

ಆದ್ರ ಕೇಬಲ್ ಕೇಳೂ ಮೊದಲ ಟರ್ಮಿನಲ್ ಹಿಡದು ತಿರುವಿ ನೋಡ್ರಿ. ಕೈಗೆ ತಿರಗಿದ್ರ ರೋಗ ಅದ, 10 ನಂಬರ್ ಪಾನಾಕ್ಕ ಮುಗೀತು. ಬಿಳಿ–ಹಸಿರು ಪುಡಿ ಕೂತಿದ್ರ ಬಿಸಿನೀರು ಹಾಕಿ ತೊಳೀರಿ. ಸೆಲ್ಫ್ ಹೊಡದಾಗ ಟಕಟಕಟಕ ಅಂದ್ರ ಬ್ಯಾಟರಿ ಸೋತೈತಿ. ಒಂದ ಸಲ ಟಕ್ ಅಂದು ಸುಮ್ಮನಾದ್ರ ಸೆಲ್ಫ್ ಮೋಟರ್ ಕಡೆ ನೋಡ್ರಿ. ಚಾಲೂ ಆದ ಮ್ಯಾಲೂ ಕೆಂಪು ಬ್ಯಾಟರಿ ದೀಪ ಆರಲಿಲ್ಲಂದ್ರ ಬೆಲ್ಟ್ ನೋಡ್ರಿ. ಕೆಲವು ಗಾಡಿಗೆ ವಾಟರ್ ಪಂಪೂ ಅದ ಬೆಲ್ಟಿನ ಮ್ಯಾಲೆ, ಚಾರ್ಜು ಹೋದ ಹಿಂದ ಹೀಟೂ ಬರ್ತೈತಿ.

ಬ್ಯಾಡಗಿ_ಖಾರ
24ರ ವಿಚಾರ ಖರೆ ಗೊತ್ತಿರಲಿಲ್ಲ. ಹಿಂದ ಸರೀತೀನಿ.

ಗದಗಿನ_ಗಾಳಿ
ಪಂಚರ್ ಬಗ್ಗೆ ಯಾರೂ ಬರೀಲಿಲ್ಲ. ಸ್ಟೆಪ್ನಿಗೆ ಗಾಳಿ ಹೊಡಿಸಿ ಎಷ್ಟು ವರ್ಷ ಆತು ನೋಡ್ಕೋರಿ. ಬಾಗಿಲ ಚೌಕಟ್ಟಿನ ಸ್ಟಿಕ್ಕರ್ ಮ್ಯಾಲೆ ಐದು ಮಂದಿ ಲೋಡಿಗೆ ಬ್ಯಾರೇ ಒತ್ತಡ ಬರದಿರ್ತೈತಿ, ಅಷ್ಟು ತಣ್ಣಗಿದ್ದಾಗ ಹೊಡಿಸ್ರಿ.

ಇಳಿಜಾರಿನ್ಯಾಗ ಜಾಕ್ ಹಚ್ಚಬ್ಯಾಡ್ರಿ. ರಿಮ್ ಹಾಳಾದ್ರೂ ಚಿಂತಿಲ್ಲ, ಸಪಾಟಕ್ಕ ಒಯ್ರಿ. ಗೇರ್, ಹ್ಯಾಂಡ್‌ಬ್ರೇಕ್, ಇಳಿಜಾರಿನ ಬಾಜೂಕ ಎರಡು ಗಾಲಿಗೆ ಕಲ್ಲು. ತ್ರಿಕೋನ ಬೋರ್ಡನ್ನ ಗಾಡಿ ಹಿಂದ ನಾಕು ಹೆಜ್ಜಿಗೆ ಇಟ್ರ ಉಪಯೋಗ ಇಲ್ಲ, ಹಿಂದಿನ ತಿರುವು ದಾಟಿ ಬರೂವಾಗ್ಲೇ ಕಾಣಬೇಕು, ಕನಿಷ್ಠ 50 ಮೀಟರ್. ಗಾಲಿ ನೆಲದ ಮ್ಯಾಲೆ ಇದ್ದಾಗ್ಲೇ ನಟ್ ಅರ್ಧ ಸುತ್ತು ಸಡಲ ಮಾಡ್ರಿ, ಆಮ್ಯಾಲೆ ಎತ್ರಿ. ತೆಗದ ಗಾಲಿನ ಗಾಡಿ ಕೆಳಗ ಸರಿಸಿ ಇಡ್ರಿ, ಜಾಕ್ ಜಾರಿದ್ರ ಅದು ತಡೀತೈತಿ. ಬಿಗಿಯೂವಾಗ ಎದುರು ಬದರು ನಟ್, ಸುತ್ತು ಹಾಕಿ ಅಲ್ಲ.

ಎಷ್ಟು ಬಿಗಿ? ಸಣ್ಣ ಗಾಡಿಗೆ ಸುಮಾರು 100 ನ್ಯೂಟನ್ ಮೀಟರ್. ಅಂದ್ರ ಒಂದಡಿ ಉದ್ದದ ಪಾನಾದ ತುದಿಗೆ 34 ಕೆ.ಜಿ. ಭಾರ. ಪಾನಾ ಮ್ಯಾಲೆ ನಿಂತು ಜಿಗಿಯೂ ಸಹಾಯಕರು ಸಿಗ್ತಾರ, 60 ಕೆ.ಜಿ. ಆಸಾಮಿ ನಿಂತ್ರ ಹೆಚ್ಚುಕಡಿಮಿ ಎರಡು ಪಟ್ಟು ಆತು. ಬೋಲ್ಟ್ ಎಳದು ಹೋಗ್ತೈತಿ, ಮುಂದ ನೀವು ಒಬ್ಬರ ಇದ್ದಾಗ ತೆಗಿಯಾಕ ಬರೂದಿಲ್ಲ. 50 ಕಿ.ಮೀ. ಹೋಗಿ ಮತ್ತೊಮ್ಮೆ ಬಿಗೀರಿ. ಸಣ್ಣ ಗಾತ್ರದ ಸ್ಟೆಪ್ನಿ ಆಗಿದ್ರ ಅದರ ಮ್ಯಾಲೆ 80 ಅಂತ ಬರದಿರ್ತೈತಿ, ಘಾಟ್‌ನ್ಯಾಗ 40 ದಾಟಬ್ಯಾಡ್ರಿ.

ಕೆಲಸ ಮುಗದ ಮ್ಯಾಲೆ ಗಾಲಿಗೆ ಇಟ್ಟ ಕಲ್ಲು ರಸ್ತೆ ಬಿಟ್ಟು ಒಗೀರಿ. ರಾತ್ರಿ ಬೈಕಿನವರು ಬಿದ್ದು ಸಾಯೂದು ಇಂಥಾ ಕಲ್ಲಿಗೆ.

ಹಾವೇರಿ_ಏಲಕ್ಕಿ
ಹಿರಿಯರನ್ನ, ಕೂಸನ್ನ ಎಲ್ಲಿ ಕೂಡಸೂದು? ಗಾಡ್ಯಾಗ ಬ್ಯಾಡ, ಹಿಂದಿಂದ ಬಡದ್ರ ಕಷ್ಟ.

ಯಲ್ಲಾಪುರ_ತೋಟಿಗ
ಗಾಡಿಯ ಮುಂದೆ ಇಪ್ಪತ್ತು ಹೆಜ್ಜೆ, ರಸ್ತೆಯಿಂದ ಹೊರಗೆ. ಆದರೆ ಹಸಿ ಹುಲ್ಲಿನಲ್ಲಿ ಕೂರಿಸಬೇಡಿ, ಈ ಕಾಲದಲ್ಲಿ ಉಂಬಳ (ರಕ್ತ ಹೀರುವ ಜಿಗಣೆ) ಇನ್ನೂ ಇರುತ್ತದೆ. ಹತ್ತಿದರೆ ಜಗ್ಗಬೇಡಿ. ಎಲೆ ಅಡಿಕೆಯ ಸುಣ್ಣ ಅಥವಾ ಉಪ್ಪು ಮುಟ್ಟಿಸಿದರೆ ತಾನೇ ಬಿಡುತ್ತದೆ.

ಹತ್ತಿರ ಮನೆ ಕಂಡರೆ ಅಲ್ಲಿಗೇ ಕರೆದುಕೊಂಡು ಹೋಗಿ. ನಮ್ಮ ಕಡೆ ಮನೆ ರಸ್ತೆಗೆ ಅಂಟಿಕೊಂಡಿರುವುದಿಲ್ಲ. ತೋಟದ ತಲೆಗೆ, ಅರ್ಧ ಕಿಲೋಮೀಟರ್ ಒಳಗೆ ಇರುತ್ತದೆ. ಕರೆಂಟು ಕಂಬದ ತಂತಿ ಎತ್ತ ತಿರುಗಿದೆ ನೋಡಿ. ದಾರಿಗೆ ಅಡ್ಡ ಮರದ ದಣಪೆ ಇರುತ್ತದೆ, ಸರಿಸಿ ದಾಟಿದ ಮೇಲೆ ಮತ್ತೆ ಹಾಕಿ. ಇಲ್ಲದಿದ್ದರೆ ದನ ತೋಟಕ್ಕೆ ನುಗ್ಗುತ್ತದೆ, ಆಮೇಲೆ ನಿಮ್ಮ ಕಾರಿಗಿಂತ ದನ ಹುಡುಕುವುದೇ ದೊಡ್ಡ ಕೆಲಸ. ನಾಯಿ ಬೊಗಳಿದರೆ ಅಲ್ಲೇ ನಿಂತು ಕೂಗಿ, ಯಾರಾದರೂ ಹೊರಗೆ ಬರುತ್ತಾರೆ. ಮೊದಲು ಕೇಳುವುದು "ಆಸರಿಗೆ ಬೇಕಾ?" ಎಂದು. ಕುಡಿಯಲು ಏನು ಕೊಡಲಿ ಎಂದು ಅರ್ಥ. ನೀರು, ಬೆಲ್ಲ ಬಂದರೆ ತೆಗೆದುಕೊಳ್ಳಿ, ಬೇಡ ಎನ್ನಬೇಡಿ.

ಕೇಳುವುದನ್ನು ನಿರ್ದಿಷ್ಟವಾಗಿ ಕೇಳಿ. "ಗಾಡಿ ಕೆಟ್ಟಿದೆ" ಎಂದರೆ ಅವರು ಏನು ಮಾಡಬೇಕು? "ಐದು ಲೀಟರ್ ನೀರು ಬೇಕು, ಒಂದು ಫೋನ್ ಮಾಡಬೇಕು, ಅಜ್ಜಿ ಒಂದು ತಾಸು ಜಗಲಿಯಲ್ಲಿ ಕೂರಬಹುದೇ" ಎನ್ನಿ. ಮೊಬೈಲು ಸಿಗದ ಮನೆಗಳಲ್ಲಿ ವೈಫೈ ಇರುತ್ತದೆ, ವೈಫೈ ಕಾಲ್ ಆನ್ ಮಾಡಿಕೊಳ್ಳಿ. ಮಿಸ್ತ್ರಿ ಬೇಕಾದರೆ ಅವರಿಗೇ ಕೇಳಿ, ಬೈಕಿನಲ್ಲಿ ಬರುವವರು ಯಾರು ಎಂದು ಊರಿಗೆ ಗೊತ್ತಿರುತ್ತದೆ.

ಉಣಕಲ್_ಸಂಜೆ
ರೊಕ್ಕ ಕೊಡೂದು ಹೆಂಗ? ಕೊಟ್ರ ಅವಮಾನ ಅನ್ಕೋತಾರ, ಬಿಟ್ರ ನಮಗ ಸಂಕಟ.

ಘಾಟ್_ಸ್ಟೇರಿಂಗ್
ಕೆಲಸದವರಿಗೆ ರೊಕ್ಕ, ಮನಿಯವರಿಗೆ ತಿನಿಸು. ಮಿಸ್ತ್ರಿ ಬಂದ್ರ ಪಾನಾ ಹಚ್ಚೂ ಮೊದಲ ಎಷ್ಟು ಅಂತ ಕೇಳ್ರಿ, ಬಂದು ಹೋದ ಪೆಟ್ರೋಲ್ ಸೇರಿಸಿ ಕೊಡ್ರಿ, ಚೌಕಾಸಿ ಬ್ಯಾಡ. ಬಿಚ್ಚಿದ ಹಳೇ ಸಾಮಾನು ಕೇಳಿ ಇಸ್ಕೋರಿ, ಹುಬ್ಬಳ್ಳ್ಯಾಗ ತೋರ್ಸಾಕ ಬೇಕು. ಲಾರಿಯವರು ತಗೊಳ್ಳೂದಿಲ್ಲ, "ಚಹಾಕ್ಕ" ಅಂದ್ರ ಕೆಲವರು ತಗೋತಾರ. ಅವರ ಹೊತ್ತು ಉಳಿಸೂದ ಅವರಿಗೆ ಕೊಡೂ ಮರ್ಯಾದಿ. ಅವರು ಬಗ್ಗಿ ನೋಡೂ ಮೊದಲ ನೀವು ಏನೇನು ನೋಡೀರಿ ಹೇಳ್ರಿ.

ಮನಿಯವರಿಗೆ ಧಾರವಾಡ ಪೇಢೆ ಅರ್ಧ ಅರ್ಧ ಕಿಲೋದ ಎರಡು ಡಬ್ಬಿ ಹೆಚ್ಚಿಗಿ ಇಟ್ಕೋರಿ. ಕಟಕ ರೊಟ್ಟಿ, ಶೇಂಗಾ ಚಟ್ನಿ ಆದ್ರೂ ಕೆಡೂದಿಲ್ಲ. ಬನ್ನಿ ಹಬ್ಬದ ಮರುದಿನ ಅಲ್ಲೇನು? ಪಾಕೀಟಿನ್ಯಾಗ ನಾಕು ಬನ್ನಿ ಎಲಿ ಇದ್ರ ಕೊಟ್ಟು "ಬಂಗಾರದಂಗ ಇರೋಣು" ಅನ್ರಿ. ಆ ಕಡೆ ಎಲ್ಲಾರಿಗೂ ಈ ರೂಢಿ ಇಲ್ಲ, ಆದ್ರ ಅರ್ಥ ಆಗ್ತೈತಿ.

ಗದಗಿನ_ಗಾಳಿ
ಉಲ್ಟಾನೂ ಒಂದು ಮಾತು. ನೀವ ದಾರ್ಯಾಗ ಅಪಘಾತ ನೋಡಿದ್ರ ಪೊಲೀಸ್ ತಂಟಿ ಅಂತ ಹೆದರಿ ಮುಂದ ಹೋಗಬ್ಯಾಡ್ರಿ. 2019ರ ತಿದ್ದುಪಡಿಯೊಳಗ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರೈತಿ. ಒಳ್ಳೆ ಮನಸ್ಸಿನಿಂದ ಗಾಯಾಳುವಿಗೆ ನೆರವಾದವರ ಮ್ಯಾಲೆ ಕೇಸ್ ಹಾಕಾಕ ಬರೂದಿಲ್ಲ, ಹೆಸರು ಹೇಳು ಅಂತ ಒತ್ತಾಯಾನೂ ಮಾಡೂಹಂಗಿಲ್ಲ.

ಉಣಕಲ್_ಸಂಜೆ
ಫ್ಯಾನ್ ಪರೀಕ್ಷಾ ಈಗ ಮಾಡಿದ್ನಿ. ಎಸಿ ಹಚ್ಚಿದ್ರೂ ತಿರಗಲಿಲ್ಲ, 20 ನಿಮಿಷ ಬಿಟ್ರೂ ತಿರಗಲಿಲ್ಲ. ಮುಳ್ಳು ಮುಕ್ಕಾಲಕ್ಕ ಬಂತು, ಬಂದ್ ಮಾಡಿದ್ನಿ. ಊರಾಗ ಒಂದ ದಿನಾನೂ ಹೀಟ್ ತೋರ್ಸಿಲ್ಲ.

ಗೋಕುಲರೋಡ್_ಪಾನಾ
ಮನ್ಯಾಗ ಸಿಕ್ತಲ್ಲ, ಚಲೋ ಆತು. ತಣ್ಣಗಾದ ಮ್ಯಾಲೆ ಕೀ ಬಂದ್ ಇಟ್ಟು ಬಾನೆಟ್ ಒಳಗಿನ ಫ್ಯೂಸ್ ಡಬ್ಬಿ ತೆಗೀರಿ. ಮುಚ್ಚಳದ ಒಳಮೈಗೆ ನಕ್ಷೆ ಇರ್ತೈತಿ. ಫ್ಯಾನ್ ಫ್ಯೂಸ್ 30 ಇಲ್ಲಾ 40 ಆಂಪಿಯರಿಂದು ಇರ್ತೈತಿ, ಒಳಗಿನ ತಂತಿ ಕಡದೈತೇನು ನೋಡ್ರಿ. ಕಡದಿದ್ರ ಅಷ್ಟ ಆಂಪಿಯರಿಂದು ಹಾಕ್ರಿ, ತಾಮ್ರದ ವೈರ್ ಸುತ್ತಬ್ಯಾಡ್ರಿ. ಮತ್ತ ಕಡದ್ರ ಮೋಟರ್ ಜಾಮ್ ಆಗೈತಿ.

ಫ್ಯೂಸ್ ಸರಿ ಇದ್ರ ರಿಲೇ. ಬಾಜೂಕ ಹಾರ್ನಿಂದು ಅದ ಆಕಾರದ್ದು, ಅದ ನಂಬರಿಂದು ಇದ್ರ ಎರಡನ್ನೂ ಅದಲು ಬದಲು ಮಾಡಿ ಎಸಿ ಹಚ್ಚ್ರಿ.

ಉಣಕಲ್_ಸಂಜೆ
ಫ್ಯೂಸ್ ಸರಿ ಐತಿ. ರಿಲೇ ಅದಲು ಬದಲು ಮಾಡಿದ್ನಿ. ಫ್ಯಾನ್ ತಿರಗತು, ಹಾರ್ನ್ ಬಂದ್ ಆತು.

ಗೋಕುಲರೋಡ್_ಪಾನಾ
ಹಂಗಾದ್ರ ರಿಲೇನ ಹೋಗೈತಿ. ಅದರ ಮ್ಯಾಲಿನ ನಂಬರ್ ಫೋಟೋ ತಗೊಂಡು ಸ್ಪೇರ್ ಅಂಗಡಿಗೆ ಹೋಗ್ರಿ, ಒಂದಲ್ಲ, ಎರಡು ತಗೋರಿ. ಒಂದು ಗ್ಲೌಬಾಕ್ಸ್‌ನ್ಯಾಗ ಇರಲಿ. ಹೊಸಾದು ಹಾಕಿದ ಮ್ಯಾಲೆ ಎಸಿ ಇಲ್ದ 20 ನಿಮಿಷದ ಪರೀಕ್ಷಾ ಮತ್ತೊಮ್ಮೆ ಮಾಡ್ರಿ, ಸೆನ್ಸರೂ ಸರಿ ಐತೇನು ಗೊತ್ತಾಗ್ಲಿ. ಬ್ರೇಕ್ ಆಯಿಲ್‌ಗೆ ಗಾಡಿ ತರೂದಿದ್ರ ಅಷ್ಟಮಿ ಒಳಗ ತರ್ರಿ. ಖಂಡೆ ಪೂಜಿಗೆ ಪಾನಾ, ಜಾಕ್ ಎಲ್ಲಾ ಕುಂಕುಮ ಹಚ್ಕೊಂಡು ಕೂತ ಮ್ಯಾಲೆ ಬನ್ನಿ ಮುಡಿಯೂ ತನಕ ಹುಬ್ಬಳ್ಳ್ಯಾಗ ಯಾರೂ ಮುಟ್ಟೂದಿಲ್ಲ.